ಸೋರುವ ಕೋಣೆಗೆ ಎಷ್ಟು ಕಾವು?

ರೇಡಿಯೇಟರ್ ಅಂದರೆ ನನಗೆ ಮೊದಲು ನೆನಪಾಗುವುದು ಚಾರ್ಮಾಡಿ ಘಾಟಿ. ಅರ್ಧ ದಾರಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಬಸ್ಸು, ಬುಸ್ಸೆನ್ನುವ ಹಬೆ, ಕೊಡ ಹಿಡಿದು ನೀರಿಗೆ ಓಡುವ ಕ್ಲೀನರ್. ಅಲ್ಲಿ ಅದು ಬೇಡದ ಬಿಸಿಯನ್ನು ಹೊರಗೆಸೆಯುವ ಸಾಮಾನು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹಳೇ ಇಟ್ಟಿಗೆ ಮನೆ ಕೊಂಡಮೇಲೆ ನೋಡುತ್ತೇನೆ, ಅದೇ ಹೆಸರಿನ ಬಿಳೀ ತಗಡನ್ನು ದುಡ್ಡು ಕೊಟ್ಟು ತಂದು ಗೋಡೆಗೆ ಹಾಕಿಕೊಂಡು ಜನ ಅದರ ಮುಂದೆ ಬೆಕ್ಕಿನ ಹಾಗೆ ಮುದುಡಿ ಕೂರುತ್ತಾರೆ!

ನಮ್ಮ ಮುಂಗೋಣೆಯ ಹಳೆಯದು ತುಕ್ಕು ಹಿಡಿದು ಸೋರಿತು. ಹೊಸದಕ್ಕೆ ಹೊರಟೆ.

"ಅಳತೆ ತಗೊಂಡ್ರೇನ್ರೀ?" ಎಂದಳು ನಮ್ಮಾಕೆ.

"ಕಣ್ಣಳತೆ ಸಾಕು ಬಿಡೆ."

ಸೋಫಾ ಪಕ್ಕ ಒಪ್ಪವಾಗಿ ಕೂರುವಂಥ, 60 ಸೆಂ.ಮೀ. ಚೌಕದ, ಒಂಟಿ ಹಲಗೆಯ ಮುದ್ದಾದ ರೇಡಿಯೇಟರ್ ತಂದೆ. ಜನವರಿಯಲ್ಲಿ ಮುಟ್ಟಿದರೆ ಕೈ ಸುಡುತ್ತಿತ್ತು. ಕೋಣೆ ಮಾತ್ರ 15 ಡಿಗ್ರಿ ದಾಟಲಿಲ್ಲ. ಊರಿಂದ ಬಂದಿದ್ದ ಅತ್ತೆಯವರು ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದ್ದು, "ಅಳಿಯಂದಿರು ನಂದಾದೀಪ ತಂದಿದ್ದಾರೆ" ಎಂದರು.

ಬೆಂಗಳೂರಿನ ಭಾವನಿಗೆ ಫೋನು ಮಾಡಿದರೆ "ಎಷ್ಟು ಟನ್ ಹಾಕ್ಸಿದೀರಿ?" ಅಂತ ಕೇಳಿದ. ಪಾಪ, ಅವನ ಲೋಕವೆಲ್ಲ ಎಸಿ. ಆದರೆ ಪೂರ್ತಿ ತಪ್ಪಲ್ಲ. ಒಂದು ಟನ್ ಎಸಿ ಅಂದರೆ ಗಂಟೆಗೆ 12,000 ಬಿಟಿಯು, ಅಂದರೆ ದಿನವೊಂದರಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರುವಷ್ಟು ಶಾಖ. ಇಲ್ಲಿನ ರೇಡಿಯೇಟರ್ ಅಂಗಡಿಯಲ್ಲೂ ಅದೇ ಬಿಟಿಯು, ಗಂಟೆಗೆ 3.4 ಬಿಟಿಯು ಒಂದು ವ್ಯಾಟ್‌ಗೆ ಸಮ. ಅಲ್ಲಿ ಬಿಸಿ ಹೊರಹಾಕಲು, ಇಲ್ಲಿ ಒಳಗೆ ತರಲು. ಲೆಕ್ಕದ ಪುಸ್ತಕ ಒಂದೇ.

ಕೊನೆಗೆ ಪ್ಲಂಬರ್ ಬಂದ. ನಾನು ಕೋಣೆಯ ಉದ್ದಗಲ ಒಪ್ಪಿಸುತ್ತಿದ್ದರೆ, ಆತ ಕಿಟಕಿಗೆ ಅಂಗೈ ಒತ್ತಿದ, ಗೋಡೆ ತಟ್ಟಿದ, ಚಿಮಣಿಗೆ ಇಣುಕಿದ. ಆಗ ಹೊಳೆಯಿತು ನೋಡಿ. ತೂತು ಹಂಡೆಗೆ ಎಷ್ಟು ನೀರು ಸುರಿಯುತ್ತಿರಬೇಕು ಅನ್ನುವುದನ್ನು ಹೇಳುವುದು ಹಂಡೆಯಲ್ಲ, ತೂತು.

ಹೊರಗೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ, ಒಳಗೆ ಬೇಕಾದ್ದು 21. ಅಂತರ 22. ಒಂಟಿ ಗಾಜಿನ ಕಿಟಕಿ ಚದರ ಮೀಟರಿಗೆ, ಡಿಗ್ರಿಗೆ ಸುಮಾರು 5 ವ್ಯಾಟ್ ನುಂಗುತ್ತದೆ. ನಮ್ಮದು 3 ಚದರ ಮೀಟರ್: 330 ವ್ಯಾಟ್ ಸೀದಾ ಬೀದಿಗೆ. ಒಳಗೆ ಪೊಳ್ಳಿಲ್ಲದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು ಸುಮಾರು 2 ವ್ಯಾಟ್. 8 ಚದರ ಮೀಟರಿಗೆ ಇನ್ನೊಂದು 350. ಇಲ್ಲಿಗೇ 680 ಆಯಿತು. ನನ್ನ ನಂದಾದೀಪದ ಸಂಪಾದನೆಯೇ 600! ನೆಲ, ಬಾಗಿಲ ಸಂದು, ಚಿಮಣಿ ಇವರೆಲ್ಲ ಇನ್ನೂ ಕೈಚಾಚಿ ನಿಂತಿದ್ದರು. ಒಟ್ಟು 1,350ರ ಹತ್ತಿರ ಬಂತು. ಸರ್ಕಾರಿ ಗುಮಾಸ್ತನ ಸಂಬಳದಲ್ಲಿ ಜಮೀನ್ದಾರನ ಮನೆ ನಡೆಸಿದ ಹಾಗಿತ್ತು ನನ್ನ ಸಂಸಾರ.

ಎರಡು ಹಲಗೆ, ನಡುವೆ ಎರಡು ಸಾಲು ಮಡಿಕೆ ತಗಡು ಇರುವ ಜಾತಿಯನ್ನು ತರಿಸಿದೆ. ಅಂಗಡಿಯವರು ಅದನ್ನು 'ಕೆ-ಟೂ' ಅನ್ನುತ್ತಾರೆ, ಕಾರಕೋರಂ ಶಿಖರ ಹತ್ತಲು ಹೊರಟವರ ಹಾಗೆ. 90 ಸೆಂ.ಮೀ. ಉದ್ದ, ಸುಮಾರು 1,500 ವ್ಯಾಟ್. ಗಾಜಿನಿಂದ ಇಳಿಯುವ ತಣ್ಣನೆ ಗಾಳಿಗೆ ಎದುರಾಗಲಿ ಅಂತ ಕಿಟಕಿಯ ಕೆಳಗೇ ಕೂರಿಸಿದ್ದಾಯಿತು.

ಮೂರನೇ ದಿನ ಮತ್ತೆ ಚಳಿ. ನಮ್ಮಾಕೆ ನೆಲಮುಟ್ಟುವ ಪರದೆ ಇಳಿಬಿಟ್ಟಿದ್ದಳು, ಅದರ ಹಿಂದೆ ಅತ್ತೆಯವರ ಒದ್ದೆ ಸೀರೆ ಒಣಗುತ್ತಿತ್ತು. ಇದರ ಹೆಸರು ರೇಡಿಯೇಟರ್ ಆದರೂ ಕೆಲಸ ಬಹುಪಾಲು ಗಾಳಿಯದು. ಕೆಳಗಿಂದ ತಣ್ಣನೆಯದು ನುಗ್ಗಿ ಮೇಲಿಂದ ಬಿಸಿಯಾಗಿ ಏಳಬೇಕು. ಬಾಯಿ ಮುಚ್ಚಿದರೆ ಮುಗಿಯಿತು. ಇದನ್ನು ಅತ್ತೆಯವರಿಗೆ ಹೇಳುವ ಧೈರ್ಯ ಯಾರಿಗಿದೆ?

ಸಂಕ್ರಾಂತಿಯ ದಿನ ಮಾತ್ರ ಎಲ್ಲ ಲೆಕ್ಕ ತಲೆಕೆಳಗು. ಎಳ್ಳುಬೆಲ್ಲಕ್ಕೆ ಇಪ್ಪತ್ತು ಜನ ಸೇರಿದರು. ಸುಮ್ಮನೆ ಕೂತ ಮನುಷ್ಯನೇ 100 ವ್ಯಾಟ್ ಬಿಡುತ್ತಾನೆ, ನಮ್ಮವರು ಸುಮ್ಮನೆ ಎಲ್ಲಿ ಕೂರುತ್ತಾರೆ? ಕಿಟಕಿ ತೆಗೆಯಬೇಕಾಯಿತು.

ಇನ್ನೊಂದು ಮಾತು. ಸ್ವಲ್ಪ ದೊಡ್ಡದಾದರೆ ಚಿಂತೆಯಿಲ್ಲ, ಕಾವು ನೋಡಿ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇದೆ. ಚಿಕ್ಕದಾದರೆ ಮದ್ದಿಲ್ಲ. ಮುಂದೆ ಬಾಯ್ಲರ್ ಕಿತ್ತು ಹೀಟ್ ಪಂಪ್ ಹಾಕಿಸುವವರಂತೂ ಈಗಲೇ ದೊಡ್ಡದು ನೋಡಿ. ಕ್ಯಾಟಲಾಗಿನ ಅಂಕಿ ಸರಾಸರಿ 70 ಡಿಗ್ರಿ ನೀರಿನದು. 45 ಡಿಗ್ರಿಯ ನೀರು ಹರಿದರೆ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ.

ನಂದಾದೀಪ ನಮ್ಮ ಗ್ಯಾರೇಜಿನಲ್ಲಿದೆ. ಪುಟ್ಟ ಬಚ್ಚಲು ಇರುವವರು ಬಂದು ಪುಕ್ಕಟೆ ಒಯ್ಯಬಹುದು. ಬರುವಾಗ ನಿಮ್ಮ ಕಿಟಕಿಯ ಅಳತೆ ತನ್ನಿ.