ನಾಡಿರಾಯರು

ಬೈಪಾಸ್ ಆಗಿ ಒಂದು ತಿಂಗಳು ಕಳೆದ ನಾಡಿರಾಯರು ಒಬ್ಬರಾದರೂ ಇಲ್ಲದ ಪಾರ್ಕು ಬೆಂಗಳೂರಿನಲ್ಲಿ ಇರಲಿಕ್ಕಿಲ್ಲ. ಬಲಗೈ ಹೆಬ್ಬೆರಳು ಎಡಗೈ ಮಣಿಕಟ್ಟಿನ ಮೇಲೆ, ಕಣ್ಣು ಗಡಿಯಾರದ ಸೆಕೆಂಡು ಮುಳ್ಳಿನ ಮೇಲೆ, ಜೇಬಿನಲ್ಲಿ ಕೋವಿಡ್ ಕಾಲದ ಆಕ್ಸಿಮೀಟರ್. ಎದುರಾದವರು ನಮಸ್ಕಾರ ಎಂದರೆ ಮಾತಿಲ್ಲ, ಹುಬ್ಬೇರಿಸಿ ತಡೆಯುತ್ತಾರೆ. 'ಐವತ್ತೆಂಟು, ಐವತ್ತೊಂಬತ್ತು... ಅಯ್ಯೋ, ಒಂದು ಹೋಯ್ತಲ್ಲ ಸ್ವಾಮಿ!' ಜನ ಇದನ್ನು ಸಾವಿನ ಭಯ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಪರೇಷನ್ನಿನ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಅದರ ಕಾಗುಣಿತ ತಿದ್ದುವ ಜಾತಿ ಇದು. ಮೂವತ್ತು ವರ್ಷ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡವರಿಗೆ ಸಾವು ಬಂದರೂ ಚಿಂತೆಯಿಲ್ಲ, ಹೇಳದೆ ಕೇಳದೆ ರಜೆ ಹಾಕುವವರನ್ನು ಕಂಡರಾಗದು. ನಿವೃತ್ತಿಯ ನಂತರ ಕೈಕೆಳಗೆ ಉಳಿದಿರುವ ನೌಕರನೆಂದರೆ ಹೃದಯ ಒಂದೇ.

ಆದರೆ ಆ ನೌಕರನ ಮೇಲೆ ಹೊರಿಸಿದ ಆರೋಪವೇ ಸುಳ್ಳು. ರಾಯರು 'ತಪ್ಪಿಹೋಯಿತು' ಎನ್ನುವ ಬಡಿತ ಬಹುಪಾಲು ತಪ್ಪಿರುವುದಿಲ್ಲ. ಹೊತ್ತಿಗೆ ಮುಂಚೆ ಬಂದಿರುತ್ತದೆ. ಅವಸರಕ್ಕೆ ಬಂದ ಆ ಬಡಿತದ ಹೊತ್ತಿಗೆ ಹೃದಯದೊಳಗೆ ರಕ್ತ ಪೂರ್ತಿ ತುಂಬಿರುವುದಿಲ್ಲವಾದ್ದರಿಂದ ಅದರ ಒತ್ತಡ ಮಣಿಕಟ್ಟಿನವರೆಗೆ ಮುಟ್ಟದೆ ಹೋಗಬಹುದು. ಆಮೇಲೆ ಕೊಂಚ ಬಿಡುವು. ಆ ಬಿಡುವಿನಲ್ಲಿ ರಕ್ತ ಹೆಚ್ಚಾಗಿ ತುಂಬಿಕೊಂಡು ಮುಂದಿನ ಬಡಿತ ಎದೆಗೆ ಗುದ್ದಿದಂತೆ ಬೀಳುತ್ತದೆ. ಹತ್ತರ ಕಚೇರಿಗೆ ಒಂಬತ್ತೂವರೆಗೇ ಬಂದು ಕೆಲಸ ಮುಗಿಸಿದ ಗುಮಾಸ್ತನಿಗೆ ಗೈರುಹಾಜರಿ ಹಾಕಿದ ಹಾಗಾಯಿತು. ಇನ್ನು ಪ್ರಮಾಣ ನೋಡಿ. ನಿಮಿಷಕ್ಕೆ 70ರಂತೆ ಹಿಡಿದರೂ ದಿನಕ್ಕೆ 1,00,800 ಬಡಿತ. ಅದರಲ್ಲಿ ನೂರು ಅಡ್ಡಾದಿಡ್ಡಿಯಾದರೆ ಸಾವಿರಕ್ಕೆ ಒಂದು. ಅಷ್ಟು ಶಿಸ್ತಿನ ಸಿಬ್ಬಂದಿ ರಾಯರಿಗೆ ಸರ್ವಿಸಿನಲ್ಲಿ ಒಂದು ದಿನವೂ ಸಿಕ್ಕಿರಲಿಕ್ಕಿಲ್ಲ.

ತಮಾಷೆಯೆಂದರೆ, ತನಿಖೆಯೇ ಅಪರಾಧವನ್ನು ಹೆಚ್ಚಿಸುತ್ತದೆ. ಹಗಲೆಲ್ಲ ನೋಡಲು ಬಂದ ನೆಂಟರಿಗೆ ಕಾಲಿನಿಂದ ರಕ್ತನಾಳ ತೆಗೆದ ಗಾಯ ತೋರಿಸುವ ಸಂಭ್ರಮದಲ್ಲಿ ರಾಯರ ನಾಡಿ ನೆಟ್ಟಗಿರುತ್ತದೆ. ರಾತ್ರಿ ದೀಪ ಆರಿ, ಎಡಮಗ್ಗುಲಾದರೆ ಶುರು. ಆ ಭಂಗಿಯಲ್ಲಿ ಹೃದಯ ಎದೆಗೂಡಿಗೆ ಹತ್ತಿರ, ಮನೆ ನಿಶ್ಶಬ್ದ; ದಿನವಿಡೀ ಇದ್ದದ್ದೇ ಈಗ ಕೇಳಿಸುತ್ತದೆ. ಕೇಳಿಸಿದಾಗ ಗಾಬರಿ, ಗಾಬರಿಗೆ ಅಡ್ರಿನಲಿನ್, ಅಡ್ರಿನಲಿನ್ನಿಗೆ ಇನ್ನೆರಡು ಅಕಾಲ ಬಡಿತ. 'ಏನೇ, ಇಲ್ಲಿ ಬಾ, ಸ್ವಲ್ಪ ಕೈ ಹಿಡಿದು ನೋಡು' ಎಂದು ಎಬ್ಬಿಸಿದರೆ, 'ಮಂಟಪದಲ್ಲಿ ಒಂದು ಸಲ ಹಿಡಿದದ್ದೇ ಸಾಕಾಗಿದೆ, ಮಲಗಿ' ಎಂಬ ಉತ್ತರ ಬರುತ್ತದೆ. ಹೃದ್ರೋಗ ತಜ್ಞರು ಸುತ್ತಿಬಳಸಿ ಹೇಳುವುದೂ ಇದನ್ನೇ.

ಹಾಗಾದರೆ ಎಚ್ಚರವೇ ಬೇಡವೇ ಎಂದು ಕೇಳಬಹುದು. ಬೇಕು, ಮತ್ತು ಇಲ್ಲಿ ರಾಯರ ಪರವಾಗಿಯೂ ಒಂದು ಮಾತಿದೆ. ಬೈಪಾಸ್ ಆದವರಲ್ಲಿ ಸುಮಾರು ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಬ್ಬರಿಗೆ, ಹೆಚ್ಚಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಏಟ್ರಿಯಲ್ ಫಿಬ್ರಿಲೇಷನ್ ಕಾಣಿಸಿಕೊಳ್ಳುತ್ತದೆ: ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತವೆ, ನಾಡಿಗೆ ಲಯವೇ ಇರುವುದಿಲ್ಲ. ಆಪರೇಷನ್ನಿನ ಉರಿಯೂತ, ದೇಹದ ನೀರು, ಪೊಟ್ಯಾಸಿಯಂಗಳ ಏರುಪೇರು ಇದಕ್ಕೆಲ್ಲ ಕಾರಣ. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನೇ ಶಮನವಾದರೂ ಅಷ್ಟರೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗುವ ಅಪಾಯ ಇದ್ದದ್ದೇ. ಲಯ ಕೆಟ್ಟು ಹಾಗೇ ಮುಂದುವರಿದರೆ, ತಲೆ ತಿರುಗಿ ಕಣ್ಣು ಕತ್ತಲಿಟ್ಟರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಆದರೆ ಬಡಿತ ಕಾಯುವ ಕೆಲಸಕ್ಕೆ ಡಾಕ್ಟರು ಬರೆದುಕೊಟ್ಟ ಮೆಟೊಪ್ರೊಲಾಲ್ ಮಾತ್ರೆಯಿದೆ, ಇಪ್ಪತ್ತನಾಲ್ಕು ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರವಿದೆ. ರಾಯರು ಗಂಟೆಗೊಮ್ಮೆ ನಾಡಿ ಬರೆದಿಡುವ ಪುಸ್ತಕದಲ್ಲಿ ಹುಡುಕಿದರೆ, ಮಾತ್ರೆ ನುಂಗಿದ ವಿಷಯ ಮಾತ್ರ ಅಲ್ಲಲ್ಲಿ ಬಿಟ್ಟುಹೋಗಿರುತ್ತದೆ.

ನೊಂದವರನ್ನು ನಗೆಯಾಡುವುದು ಸರಿಯೇ ಎಂಬ ಆಕ್ಷೇಪಕ್ಕೆ, ರಾಯರ ಮುಂದಿನ ವೃತ್ತಿಯನ್ನೇ ತೋರಿಸಬೇಕು. ಎದೆಯ ಮೂಳೆ ಕೂಡಿಕೊಂಡು, ಸ್ಕೂಟರು ಹತ್ತಲು ಅಪ್ಪಣೆ ಸಿಕ್ಕ ಕೂಡಲೇ ಅವರು ಹೊಸದಾಗಿ ಬೈಪಾಸ್ ಆದವರ ಮನೆಗಳಿಗೆ ಭೇಟಿ ಆರಂಭಿಸುತ್ತಾರೆ. 'ನಿಮಗೆ ಎಷ್ಟು ಗ್ರಾಫ್ಟು? ಮೂರೇನಾ? ನನಗೆ ನಾಲ್ಕು' ಎಂದು ಹಿರಿತನ ಸ್ಥಾಪಿಸಿ, ರೋಗಿಯ ಕೈಯನ್ನು ಎಳೆದುಕೊಂಡು ಹೆಬ್ಬೆರಳೊತ್ತಿ ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳಿಗೆ ತನ್ನದೇ ನಾಡಿ ಇದೆ, ತೋರುಬೆರಳು ನಡುಬೆರಳುಗಳಲ್ಲಿ ನೋಡಬೇಕು ಎಂದು ನರ್ಸಮ್ಮ ಆವತ್ತೇ ಹೇಳಿದ್ದು ಅವರ ತಲೆಗೆ ಹೋಗಿರುವುದಿಲ್ಲ. ಹೀಗಾಗಿ ಅರ್ಧ ನಿಮಿಷ ತಮ್ಮ ಬಡಿತವನ್ನೇ ಎಣಿಸಿ, ಕಣ್ತೆರೆದು, ಆ ಬಡಪಾಯಿಗೆ ತೀರ್ಪು ಕೊಡುತ್ತಾರೆ: 'ನಿಮ್ಮದು ಸ್ವಲ್ಪ ತಪ್ಪುತ್ತಿದೆ. ಹೆದರಬೇಡಿ, ನಾನು ನಾಳೆಯೂ ಬರ್ತೀನಿ.'