ಮಿನಿ ಡೈರಿ ಯಜಮಾನರಿಗೊಂದು ಬಹಿರಂಗ ಪತ್ರ

ಕುಣಿಗಲ್ ಸೀಮೆಯ ಸಮಸ್ತ ಮಿನಿ ಡೈರಿ ಯಜಮಾನರ ಸನ್ನಿಧಾನಕ್ಕೆ,

ಹೊಸ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ತಂದಿರೆಂದು ಕೇಳಿ ಸಂತೋಷವಾಯಿತು. ದಲ್ಲಾಳಿ ಟವೆಲ್ಲಿನಡಿ ಬೆರಳು ಹಿಡಿದು ಆಣೆ ಇಟ್ಟು ಹೇಳಿದಷ್ಟು ಹಾಲು ಅದು ಕೊಡುತ್ತಿಲ್ಲವಂತೆ. ತಾವೂ ಸುಮ್ಮನೆ ಕೂತವರಲ್ಲ. ದಲ್ಲಾಳಿಯನ್ನು ಬೈದಿರಿ, ಫೀಡ್ಸ್ ಬದಲಿಸಿದಿರಿ, ಡೈರಿಯ ಫ್ಯಾಟ್ ಮಿಷನ್ನನ್ನು ಅನುಮಾನಿಸಿದಿರಿ, ಕೊನೆಗೆ ಮೆಣಸಿನಕಾಯಿ ಸುಟ್ಟು ದೃಷ್ಟಿಯನ್ನೂ ತೆಗೆದಿರಿ. ಇಪ್ಪತ್ತು ಹಸುಗಳ ನಡುವೆ ಪರಸ್ಥಳದ ಒಂಟಿ ಹಸುವನ್ನು ಹಗ್ಗ ಬಿಚ್ಚಿ ನೂಕಿದವರು ಯಾರೆಂಬುದೊಂದನ್ನು ಮಾತ್ರ ವಿಚಾರಿಸಲಿಲ್ಲ.

ಮನೆಗೆ ಎರಡೇ ಹಸು ಇದ್ದಾಗ ಹಗ್ಗವೇ ನ್ಯಾಯ ಮಾಡುತ್ತಿತ್ತು. ಅವರವರ ಗೂಟ, ಅವರವರ ಗೋದಲಿ. ಈಗ ಕಟ್ಟದೆ ಸಾಕುವ ಶೆಡ್ಡು. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಮಲಗಬೇಕು ಎಂಬುದನ್ನು ಹಸುಗಳೇ ಹಾಯ್ದಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ಮಾಡಿಕೊಂಡೂ ಇದ್ದವು. ಹೊಸಬಳು ಬಂದಳು, ಪಂಚಾಯ್ತಿ ಮತ್ತೆ ಮೊದಲಿಂದ ಶುರು. ಅದು ತಣ್ಣಗಾಗಲು ಕೆಲವು ದಿನವಾದರೂ ಬೇಕು. ಅಷ್ಟರಲ್ಲಿ ತಾವು ಹೆಚ್ಚು ಕರೆಯುವವು ಒಂದು ಕಡೆ, ಕಮ್ಮಿ ಕರೆಯುವವು ಒಂದು ಕಡೆ ಎಂದು, ಹಿಂಡಿ ಉಳಿಸಲು ಗುಂಪು ಬದಲಿಸುತ್ತೀರಿ. ಉಳಿದ ಹಿಂಡಿ ತಮ್ಮ ಜಾಣತನದ ಖಾತೆಗೆ, ಇಳಿದ ಹಾಲು ಹಸುವಿನ ಸೋಮಾರಿತನದ ಖಾತೆಗೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಸುವಿನ ಗುಂಪು ಬದಲಿಸಿದರೆ ಏನಾಗುತ್ತದೆಂದು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಹೊಂದಿಕೊಂಡಿದ್ದ ಗುಂಪಿಗೆ ಒಂದೊಂದೇ ಹಸು ಬಿಟ್ಟರು. ಬಿಟ್ಟ ದಿನ ಅದರ ಹಾಲು ಸರಾಸರಿ 43 ಕಿಲೋದಿಂದ 40ರ ಆಸುಪಾಸಿಗೆ ಇಳಿಯಿತು. ಗೋದಲಿಯಿಂದ ನೂಕಿಸಿಕೊಂಡದ್ದು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಯಾರೂ ಮೆಣಸಿನಕಾಯಿ ಸುಟ್ಟಂತಿಲ್ಲ.

ಹೀಗೆ ನೂಕಿಸಿಕೊಂಡ ಹಸು ಬೆದರದೆ ಇರುತ್ತದೆಯೇ? ನಮ್ಮದು ಟಿಪ್ಪು ಕಾಲದಿಂದ ಕುದುರೆ ಫಾರಂ ಇರುವ ಊರು. ರೇಸ್ ಕುದುರೆ ಬೆದರಿದರೆ 'ಜಾತಿ ಕುದುರೆ, ಸೂಕ್ಷ್ಮ' ಅನ್ನುತ್ತೇವೆ. ಹಸು ಬೆದರಿದರೆ 'ಕಳ್ಳ ಹಸು, ಹಾಲು ಕದಿಯುತ್ತೆ'. ಕೆಚ್ಚಲು ನೀವಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕೆ ಬಂದರೆ ತಾನೇ ಸೊರ ಬಿಡುವುದು? ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರಿ ಅದಕ್ಕೆ ಅಡ್ಡಗಾಲು ಹಾಕುತ್ತದೆ. ಹಾಲು ಕೆಚ್ಚಲಲ್ಲೇ ಇರುತ್ತದೆ, ಕೆಳಗಿಳಿಯುವುದಿಲ್ಲ. ಆಗ ಕೆಲವರು ಅದೇ ಆಕ್ಸಿಟೋಸಿನ್ನನ್ನು ಸೂಜಿಯಲ್ಲಿ ಚುಚ್ಚುತ್ತಾರೆ! ಹೆದರಿಸಿದ ಖರ್ಚು ಬೇರೆ, ಚುಚ್ಚಿದ ಖರ್ಚು ಬೇರೆ. ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಪರಾಧವೆಂದೇ ಬರೆದಿದೆ. ಕಾಯ್ದೆ ಓದಲು ತಮಗೆಲ್ಲಿ ಪುರುಸೊತ್ತು ಬಿಡಿ.

ಮುಂದಿನ ವಾರ ಇನ್ನೊಂದು ತರುತ್ತೀರಂತೆ. ಬೇಡವೆನ್ನಲು ನಾನ್ಯಾರು, ಸಾಲ ತಮ್ಮದು. ತರುವುದೇ ಆದರೆ ಒಂದೇ ಕೊಟ್ಟಿಗೆಯ ಜೋಡಿ ತನ್ನಿ, ಗುರುತಿನ ಮುಖ ಒಂದಾದರೂ ಇರಲಿ. ಓಡಾಡುವಷ್ಟು ಜಾಗ, ಎಲ್ಲಕ್ಕೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ಗೋದಲಿ ಮಾಡಿಸಿ. ಚೊಚ್ಚಲ ಕರು ಹಾಕಿದ ಕಡಸನ್ನು ಹಳೇ ಹುಲಿಗಳ ನಡುವೆ ನೂಕಬೇಡಿ. ಆಮೇಲೆ ಒಂದಷ್ಟು ದಿನ ಕಾಯಿರಿ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನಕ್ಕೆ ತಾವು ಕಾಯುವ ತಾಳ್ಮೆಯಲ್ಲಿ ಕಾಲು ಭಾಗ ಸಾಕು.

ಇತಿ,
ಡೈರಿ ಸಾಲಿನಲ್ಲಿ ತಮ್ಮ ಹಿಂದೆ ಕ್ಯಾನು ಹಿಡಿದು ನಿಲ್ಲುವವನು