ಕಾಕಾನ ಗ್ಲೋಬಲ್ ಸಿಟಿ

2025ರ ದೀಪಾವಳಿ. ಬೆಂಗಳೂರಿನಿಂದ ಅಥಣಿಗೆ ಬಂದ ಅಣ್ಣನ ಮಗ, ಚಪ್ಪಲಿ ಹೊಲಿಯುತ್ತಿದ್ದ ಕಾಕಾನ ಮುಂದೆ ಲ್ಯಾಪ್‌ಟಾಪ್ ತೆರೆದ. ಬಾಳಿದರೂ ವ್ಯಾಪಾರ ಮಾಡಿದರೂ ಜಾಗತಿಕ ನಗರದಲ್ಲೇ ಎಂಬುದು ಅವನ ವಾದ.

"ಕಾಕಾ, ಅಲ್ಲಿ ಮೆಟ್ರೋ ಐತ್ರಿ."

"ಎಷ್ಟೊತ್ತಿಗೆ ಮನಿ ಮುಟ್ಟತಿ?"

"ಟ್ರಾಫಿಕ್ ಇರ್ಲಿಲ್ಲಂದ್ರ ಎರಡು ತಾಸ್ರಿ."

"ಅಷ್ಟೊತ್ತಿಗೆ ನಾ ಕಾಗವಾಡ ದಾಟಿ, ಮಿರಜದಾಗ ಚಾ ಕುಡದ ಕುಂತಿರ್ತೀನಿ."

"ಫಾರಿನ್ ಗಿರಾಕಿ ಸಿಗ್ತಾರ್ರಿ."

"ಈ ಜೂನದಾಗ ಮಿಲಾನಿನ ಫ್ಯಾಷನ್ ಶೋದಾಗ ಪ್ರಾಡಾ ಕಂಪನಿಯವರು ನಮ್ಮಂಥಾ ಚಪ್ಪಲಿನ ಮೆಟ್ಟಿಸಿ ನಡಸಿದ್ರಲ್ಲೋ! ಹೆಸರು ಅಷ್ಟ ಹೇಳಲಿಲ್ಲ. ಮಂದಿ ಬೈದ ಮ್ಯಾಲ ಒಪ್ಪಿಕೊಂಡ್ರು."

"ಅದು ಕೊಲ್ಹಾಪುರಿ ಅಲ್ಲೇನ್ರಿ?"

"ಹೆಸರು ಕೊಲ್ಹಾಪುರದ್ದು, ಬೆವರು ನಮ್ಮದೂ ಐತಿ. 2019ರ ಜಿ.ಐ. ಟ್ಯಾಗಿನ್ಯಾಗ ಎಂಟು ಜಿಲ್ಲಾ. ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ, ನಾಕು ಈ ಕಡೀವು."

(ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲಿನ ವಾಸನೆಗೆ ಹುಡುಗ ಅಲ್ಲಿತನಕ ಮೂಗು ಮುಚ್ಚಿದ್ದ, ಪ್ರಾಡಾ ಎಂದೊಡನೆ ಕೈ ತೆಗೆದ.)

"ಹಂಗಾದ್ರ ನಮ್ಮ ಚಿಕ್ಕೋಡಿನ ಗ್ಲೋಬಲ್ ಸಿಟಿ ಮಾಡೂಣ್ರಿ! ನಿಪ್ಪಾಣಿಗೆ ಹೆದ್ದಾರಿ, ರಾಯಬಾಗಕ್ಕ ರೈಲು, ಉಗಾರದಾಗ ಸಕ್ಕರಿ ಕಾರ್ಖಾನಿ, ಎಲ್ಲಾ ಐತಿ."

"ಮೊದಲ ಜಿಲ್ಲಾ ಮಾಡಸೋ ತಮ್ಮಾ. 1997ರಾಗ ಜೆ.ಎಚ್. ಪಟೇಲರ ಸರ್ಕಾರ ಘೋಷಣಾ ಮಾಡಿ, ಹಿಂದಕ್ಕ ತಗೊಂಡಿತ್ತು. ಡೀಸಿ ಸಹಿ ಬೇಕಂದ್ರ ಈ ಹಬ್ಬಕ್ಕೂ ನಾವು ಬೆಳಗಾವಿ ಬಸ್ಸೇ ಹತ್ತಬೇಕು."